ನಾನು ನುಂಗಿದ ಮೈನಸ್ಸು

ಪ್ರಾಂಶುಪಾಲರಾದ ರುದ್ರಪ್ರಸಾದ್ ಅವರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಬೋರಲಿಂಗಯ್ಯನವರ ಪತ್ನಿ ಕಾವೇರಮ್ಮನವರೇ, ಮಗಳು ಸಿರಿ, ಕೈಲಾಂಚದಿಂದ ಬಂದಿರುವ ಬಂಧುಗಳೇ, ವಿದ್ಯಾರ್ಥಿಗಳೇ — ಎಲ್ಲರಿಗೂ ಈ ಗುರುಸಿದ್ದಯ್ಯನ ನಮಸ್ಕಾರ.

ನಮ್ಮನ್ನಗಲಿದ ಬೋರಲಿಂಗಯ್ಯನವರು ಹದಿನೆಂಟು ವರ್ಷ ಈ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದರು. ಅವರ ಪಕ್ಕದ ಕುರ್ಚಿ ನನ್ನದು. ಬೋರ್ ಎಂಬ ವಿಜ್ಞಾನಿಯ ಹೆಸರಿಟ್ಟುಕೊಂಡು ಮಕ್ಕಳಿಗೆ ಬೋರು ಹೊಡೆಸುವ ಏಕೈಕ ಮೇಷ್ಟ್ರು ಎಂದು ಸ್ಟಾಫ್ ರೂಮಿನಲ್ಲಿ ನಗಿಸುತ್ತಿದ್ದವನೂ ನಾನೇ. ಅವರೂ ನಗುತ್ತಿದ್ದರು — ನಗುತ್ತಿದ್ದರು ಎಂದುಕೊಂಡಿದ್ದೆ.

ಸುಳ್ಳು. ಬೋರು ಹೊಡೆಸುತ್ತಿರಲಿಲ್ಲ. ದ್ಯುತಿವಿದ್ಯುತ್ ಪರಿಣಾಮದ ಪಾಠ ಬಂದರೆ ಅವರು ತರಗತಿಯ ಬಾಗಿಲಿಗೆ ಹೋಗಿ, ಹೊಸ್ತಿಲ ಮೇಲೆ ಹೀಗೆ — ಒಂದು ಕಾಲಿಟ್ಟು ನಿಲ್ಲುತ್ತಿದ್ದರು. ಕಾವೇರಮ್ಮನವರೇ, ಲೋಹದ ಮೇಲೆ ಬೆಳಕು ಬಿದ್ದರೆ ಒಳಗಿನ ಎಲೆಕ್ಟ್ರಾನು ಆಚೆ ಬರಬಹುದು. ಆದರೆ ಪ್ರತಿ ಲೋಹಕ್ಕೂ ಒಂದು ಹೊಸ್ತಿಲಿದೆ. ಅದನ್ನು ದಾಟಿಸುವ ಶಕ್ತಿ ಬೆಳಕಿನ ಒಂದೊಂದು ಕಣಕ್ಕೂ ಇರಬೇಕು. ಇಲ್ಲದಿದ್ದರೆ ಸಾವಿರ ದೀಪ ಹಚ್ಚಿದರೂ ಅಷ್ಟೆ.

"ಸೂತ್ರ ಆಮ್ಯಾಕೆ ಕಣ್ರಪ್ಪ. ಮೊದ್ಲು ಹೊಸ್ಲು ನೋಡಿ. ದಾಟ್ತದಾ?"

"ದಾಟಕಿಲ್ಲ ಸಾ!"

"ಹಂಗಾರೆ ಪೆನ್ನು ಮುಚ್ಚಿ!"

ಹೊಸ್ತಿಲು ನೋಡದೆ ಲೆಕ್ಕ ಶುರು ಮಾಡಿದವನಿಗೆ ಅವರ ತರಗತಿಯಲ್ಲಿ ಅಂಕವಿಲ್ಲ. ಅಂಥವನೊಬ್ಬ ಪಕ್ಕದ ಕುರ್ಚಿಯಲ್ಲೇ ಇದ್ದ.

ನಾಲ್ಕು ವರ್ಷದ ಹಿಂದಿನ ಮಾತು — ಎರಡು ಸಾವಿರದ ಐದರ ಪೂರ್ವಸಿದ್ಧತಾ ಪರೀಕ್ಷೆ. ಪ್ರಶ್ನೆಪತ್ರಿಕೆಯೂ ನನ್ನದು, ಮಾದರಿ ಉತ್ತರವೂ ನನ್ನದು. ನನ್ನ ಅಕ್ಷರ ಮಾತ್ರ ಕೋಳಿ ಕೆದರಿದಂತೆ. ಹಾಗಾಗಿ ನನ್ನದನ್ನೆಲ್ಲ ಶುದ್ಧಪ್ರತಿ ಮಾಡುತ್ತಿದ್ದವರು ಬೋರಲಿಂಗಯ್ಯ. ಲೆಕ್ಕ ಸೋಡಿಯಂ ಲೋಹದ್ದು — ಆಚೆ ಬಂದ ಎಲೆಕ್ಟ್ರಾನಿನ ಓಟದ ಶಕ್ತಿ, ಅಂದರೆ ಚಲನಶಕ್ತಿ, ಎಷ್ಟು ಎಂದು. ಹೊಸ್ತಿಲು ಎರಡು ಪಾಯಿಂಟ್ ಎರಡು ಎಂಟು; ಬೆಳಕಿನ ಶಕ್ತಿ ಎರಡು ಪಾಯಿಂಟ್ ಸೊನ್ನೆ ಏಳು. ಹೊಸ್ತಿಲನ್ನು ಅದರಿಂದ ಕಳೆದೆ. ಮೈನಸ್ ಸೊನ್ನೆ ಪಾಯಿಂಟ್ ಎರಡು ಒಂದು ಬಂತು. ಚಲನಶಕ್ತಿ ಮೈನಸ್ ಹೇಗಾದೀತು ಎಂದು ಒಂದು ಕ್ಷಣ ನಿಲ್ಲಬೇಕಿತ್ತು. ನಾನು ಆ ಮೈನಸ್ಸನ್ನೇ ಹೊಡೆದುಹಾಕಿದೆ. ನಗಬೇಡಿ — ಸರಿ, ನಗಿ. ನನ್ನನ್ನು ನೋಡಿ ನಗಿ.

"ಲೇ ಗುರುಸಿದ್ದ, ಇದು ಆಚ್ಗೇ ಬರಕಿಲ್ಲ ಕಣ್ಲಾ. ಒಸಿ ನೋಡು."

"ಲೆಕ್ಕ ನಂದು, ಅಕ್ಷರ ನಿಂದು. ಬರಿಯಪ್ಪ ಗುಮಾಸ್ತ."

ನಾನು ವಿಭಾಗದ ಮುಖ್ಯಸ್ಥ. ಅವರು ಬರೆದರು.

ಅವರ ನಲವತ್ತು ಮಕ್ಕಳು 'ಎಲೆಕ್ಟ್ರಾನ್ ಹೊರಬರುವುದಿಲ್ಲ' ಎಂದು ಬರೆದಿದ್ದರು. ನಾನು ನಲವತ್ತು ಸೊನ್ನೆ ಸುತ್ತಿದೆ. ಮಾರನೆಯ ದಿನ ಖತೀಜಾ ಎಂಬ ಹುಡುಗಿ ಬಂದಳು. ಇಂದು ಬಿಡದಿಯಲ್ಲಿ ಪಾಳಿ ಮುಗಿಸಿ, ಕಾರ್ಖಾನೆಯ ಸಮವಸ್ತ್ರದಲ್ಲೇ ಅಗೋ, ಹಿಂದೆ ನಿಂತಿದ್ದಾಳೆ.

"ಸಾರ್, ಹೊಸ್ಲೇ ದಾಟ್ದೆ ಇರೋದು ಬೀದೀಲಿ ಎಷ್ಟು ಜೋರಾಗಿ ಓಡ್ತದೆ ಅಂತ ಹೆಂಗ್ ಸಾರ್ ಹೇಳೋದು?"

"ನಿಮ್ ಮೇಷ್ಟ್ರು ಹೊರಗಿಂದ ಚಿಲಕ ಹಾಕ್ಬುಟ್ಟಿದ್ರೇನಮ್ಮ?" ಎಂದೆ. ಉತ್ತರವಿಲ್ಲದಾಗ ನನಗೆ ಹಾಸ್ಯ ಬರುತ್ತದೆ.

ಅವಳು ನೇರ ನಿಮ್ಮ ಕೋಣೆಗೆ ಬಂದಳು, ರುದ್ರಪ್ರಸಾದ್ ಸಾರ್. ನೀವು ನಮ್ಮಿಬ್ಬರನ್ನೂ ಕರೆಸಿ, ಮಾದರಿ ಉತ್ತರ ತೋರಿಸಿ, "ಇದು ಯಾರ ಕೈಬರಹ?" ಎಂದು ಕೇಳಿದಿರಿ.

ಬೋರಲಿಂಗಯ್ಯ ಒಮ್ಮೆ ನನ್ನ ಕಡೆ ನೋಡಿದರು. ನಾನು ಫ್ಯಾನು ನೋಡುತ್ತಿದ್ದೆ.

"ನಂದೇ ಸಾರ್," ಎಂದರು.

ಮಕ್ಕಳ ಅಂಕ ತಿದ್ದಲಾಯಿತು. ಆದರೆ ಎರಡನೇ ವರ್ಷದ ಪಾಠವನ್ನು ಅವರ ಕೈಯಿಂದ ತೆಗೆದು ನನಗೆ ಕೊಟ್ಟಿರಿ. ಅವರು ಕಡೆಯವರೆಗೂ ಮೊದಲನೇ ವರ್ಷಕ್ಕೇ ಉಳಿದರು. ದ್ಯುತಿವಿದ್ಯುತ್ ಪಾಠವಿರುವುದು ಎರಡನೇ ವರ್ಷಕ್ಕೆ; ಆ ಹೊಸ್ತಿಲ ಮೇಲೆ ಅವರು ಮತ್ತೆ ನಿಲ್ಲಲಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಅವರ ಮನೆಗೆ ಹೋಗಿದ್ದೆ. ಕಾವೇರಮ್ಮನವರು ಬಡಿಸುತ್ತಾ, "ಆ ತಪ್ಪಾದ್ಮೇಲೆ ಮಾತೇ ಕಮ್ಮಿ ಆಗ್ಬುಡ್ತು ಕಣಣ್ಣಾ. ಅಂಥ ತಪ್ಪು ಹೆಂಗ್ ಮಾಡುದ್ರೋ," ಎಂದರು. ನಾನು ತಲೆ ಬಗ್ಗಿಸಿ, ಪಾಯಸ ಕುಡಿದು, ಎದ್ದು ಬಂದೆ.

ನಿನ್ನೆ ಅವರ ಮೇಜಿನ ಡ್ರಾಯರ್ ಖಾಲಿ ಮಾಡಿದೆ. ಸೀಮೆಸುಣ್ಣದ ಡಬ್ಬಿಯಲ್ಲಿ ನಾಲ್ಕಾಗಿ ಮಡಿಸಿದ ಒಂದು ಹಾಳೆ. ಬಿಚ್ಚಿದೆ — ನನ್ನ ಕೋಳಿ ಕಾಲಿನ ಅಕ್ಷರ. ನಾನು ಹೊಡೆದುಹಾಕಿದ ಮೈನಸ್ಸು ಹಾಗೇ ಇದೆ. ನಾಲ್ಕು ವರ್ಷ! ಯಾವ ದಿನ ಬೇಕಾದರೂ ತೋರಿಸಬಹುದಿತ್ತು. ನನಗೂ ತೋರಿಸಲಿಲ್ಲ.

ಇಗೋ, ಸಾರ್. ತೆಗೆದುಕೊಳ್ಳಿ. ಸಭೆಯ ನಡಾವಳಿಯಲ್ಲಿ ಬರೆಸಿ. ಕಾವೇರಮ್ಮ — ಅವರು ಆ ತಪ್ಪು ಮಾಡಲಿಲ್ಲ ತಾಯಿ. ಮಾಡಿದವನು ನಾನು. ಸಿರಿ, ನಿಮ್ಮಪ್ಪನ ಲೆಕ್ಕ ಸರಿಯಾಗಿತ್ತು ಕಣಮ್ಮ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಎರಡು ನಿಮಿಷ ಮೌನ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ. ಇದುವರೆಗಿನ ನನ್ನ ಮೌನವೆಲ್ಲ ನನಗಾಗಿ ಇದ್ದದ್ದು — ಈ ಎರಡು ನಿಮಿಷವಾದರೂ ಅವರಿಗಾಗಿ ಇರಲಿ.