ದೊರೆ ಮುಂದೆ ಹೊಗಳಬಾರ್ದು

ಕರೆಂಟ್ ಬರೋವರೆಗೆ ಒಂದು ಹೇಳ್ತೀನಿ, ಸುಮ್ನೆ ಕೂತ್ಕೊಳ್ಳಿ. ಕಟ್ಟುಕತೆ ಅಲ್ಲ. ನಮ್ಮ ವೇದಕ್ಕಂಗೆ ಆಗಿದ್ದು. ನನ್ನ ದೊಡ್ಡಮ್ಮನ ಮಗಳು, ಹಲಸೂರಲ್ಲಿದ್ದಾಳಲ್ಲ... ಅವಳಿಗೆ.

ಅವತ್ತು ಅಮಾವಾಸ್ಯೆ. ಕತ್ತಲಾದ್ಮೇಲೆ ಕೆರೆ ಕಡೆಯಿಂದ ಮನೆಗೆ ನಡ್ಕೊಂಡು ಬರ್ತಿದ್ಲು. ದಾರೀಲಿ ಒಂದು ಹಳೇ ಬಂಗ್ಲೆ. ಬಂಗ್ಲೆ ಬಿದ್ದೋಗಿದೆ, ಆಲದ ಮರ ಮಾತ್ರ ನಿಂತಿದೆ. ಕಾಂಪೌಂಡ್ ಒಡೆದಿರೋ ಕಡೆ ನುಸುಳಿದ್ರೆ ಮನೆ ಹತ್ರ. ಫೋನಲ್ಲಿ ಗೆಳತಿ ಜೊತೆ ಮಾತಾಡ್ತಾ, ಪಕ್ಕದ ಮನೆ ಯಮುನಾ ಮಗಳು ಎಷ್ಟು ಚೆನ್ನಾಗಿ ಹಾಡಿದ್ಲು ಅಂತ ಇನ್ನೇನು ಹೇಳ್ಬೇಕು...

ಟಕ್.

ಕಲ್ಲಿನ ಮೇಲೆ ಬೆತ್ತ ಊರಿದ ಸದ್ದು. ತಿರುಗಿ ನೋಡಿದ್ರೆ ಬೇರುಗಳ ಮಧ್ಯೆ ಕೆಂಪಗೆ ಒಂದು ಕಿಡಿ. ಚುಟ್ಟಾ ವಾಸನೆ...

ಫೋನ್ ಬೆಳಕು ಅತ್ತ ಹಿಡಿದ್ಲಂತೆ. ನೋಡಿದ್ರೆ ಕಿಡಿ ಹಿಂದೆ ಕೂತಿದ್ದು ಪಿಳ್ಳಮ್ಮ. ಆ ಬಂಗ್ಲೇಲಿ ತಲೆತಲಾಂತರದಿಂದ ಮಾಲಿ ಕೆಲಸ ಮಾಡಿದ ಮನೆಯವಳು. ಅಲ್ಲೊಂದು ಇಂಗ್ಲಿಷ್ ದೊರೆ ಗೋರಿ ಇದೆ. ಅಮಾವಾಸ್ಯೆ ಬಂದ್ರೆ ಗೋರಿ ಮೇಲೆ ಹಚ್ಚಿದ ಚುಟ್ಟಾ ಇಟ್ಟು, ಬಾಟ್ಲಿ ಮುಚ್ಚಳದಲ್ಲಿ ಬ್ರಾಂದಿ ಇಡೋದು ಅವರ ಮನೆ ಪದ್ಧತಿ.

ಪಿಳ್ಳಮ್ಮ ಬಾಯಿ ಮೇಲೆ ಬೆರಳಿಟ್ಟು ಪಿಸುಗುಟ್ಟಿದ್ಲು.

"ಫೋನ್ ಇಕ್ಕವ್ವಾ ಮೊದ್ಲು... ದೊರೆ ಮುಂದೆ ಇನ್ನೊಬ್ರನ್ನ ಹೊಗಳಬಾರ್ದು."

"ಹೊಗಳಿದ್ರೆ?"

"ಅವ್ರ್ಗೆ ಆಗಕ್ಕಿಲ್ಲ."

ಅಷ್ಟೇ. ಮುದುಕಿ ಎದ್ದು ಹೋದ್ಲು. ಅವಳ ಕೈಯಲ್ಲಿ ಬೆತ್ತ ಇರ್ಲಿಲ್ಲ ಅನ್ನೋದು ವೇದಕ್ಕಂಗೆ ಹೊಳೆದಿದ್ದು ಮನೆ ಬಾಗ್ಲು ಹಾಕಿದ್ಮೇಲೆ.

ಆ ಗೋರಿ ಅವಳಿಗೆ ಹೊಸದಲ್ಲ. ವಾರವೆಲ್ಲಾ ಇನ್ಶೂರೆನ್ಸ್ ಆಫೀಸು, ಭಾನುವಾರ ಸಂಜೆ ಜನರನ್ನ ವಾಕ್ ಕರ್ಕೊಂಡು ಹೋಗಿ ಹಳೇ ಕಂಟೋನ್ಮೆಂಟ್ ತೋರಿಸೋ ಹುಚ್ಚು. ಶಿವಾಜಿನಗರದಲ್ಲಿ ಶುರು ಮಾಡಿ ಈ ಆಲದ ಮರಕ್ಕೆ ತಂದು ನಿಲ್ಲಿಸಿ, ದೊರೆಯ ಜೀವನ ಚರಿತ್ರೆ ಹೇಳೋಳು. ಕೊನೇಲಿ ಕಾಂಪೌಂಡ್ ದಾಟಿ ರೋಡಿಗೆ ಬಂದ್ಮೇಲೆ ಜನ ಚಪ್ಪಾಳೆ ತಟ್ಟಿ, "ಎಷ್ಟು ಚೆನ್ನಾಗಿ ಹೇಳಿದ್ರಿ ಮೇಡಂ" ಅಂತಿದ್ರಲ್ಲ... ಅದೊಂದು ಮಾತಿಗೇ ಅವಳು ವಾರವೆಲ್ಲಾ ಬದುಕ್ತಿದ್ದಿದ್ದು.

ದೊರೆ ಹೆಸರು ಲಾರ್ಡ್ ಹಾರ್ಕ್‌ವೆಲ್. ಹುಟ್ಟಿದ್ದು ಅರಮನೇಲಿ. ಯಾವುದಕ್ಕೂ ಕೊರತೆ ಇಲ್ಲ. ಆದ್ರೆ ಸ್ಕೂಲಲ್ಲಿ ಪಕ್ಕದ ಬೆಂಚಲ್ಲಿ ಮಾರ್ಸ್ಟನ್ ಅಂತ ಬಟ್ಟೆ ಅಂಗಡಿಯವನ ಮಗ. ಅವನು ಫಸ್ಟು, ಇವನು ಸೆಕೆಂಡು, ಪ್ರತಿ ಸಲ. ಇಬ್ರೂ ಪಾರ್ಲಿಮೆಂಟಿಗೆ ಹೋದ್ರು. ಮಾರ್ಸ್ಟನ್ ಮಾತಿಗೆ ನಿಂತ್ರೆ ಬಾಗ್ಲಲ್ಲೂ ಜನ. ಇವನು ನಿಂತ್ರೆ ಎಲ್ರಿಗೂ ಹಸಿವಾಗೋದು. ಅವನಿಗೆ ಮಂತ್ರಿಗಿರಿ ಸಿಕ್ತು, ಇವನನ್ನ ದೊಡ್ಡ ಪದವಿ ಅಂತ ಪುಸಲಾಯಿಸಿ ಇಲ್ಲಿಗೆ ಸಾಗಹಾಕಿದ್ರು. ಹಡಗಲ್ಲಿ ಲಂಡನ್ ಪೇಪರ್ ಬಂದ ದಿನ ಬಂಗ್ಲೇಲಿ ಯಾರೂ ಉಸಿರೆತ್ತೋ ಹಾಗಿಲ್ಲ. ಮಾರ್ಸ್ಟನ್ ಹೆಸರು ಕಂಡ ಕಡೆಯೆಲ್ಲಾ ಬೆತ್ತ ನೆಲಕ್ಕೆ ಕುಟ್ಟೋನಂತೆ. ಕೊನೆಗೂ ವಾಪಸ್ ಕರೆಸಿ ಒಂದು ಖಾತೆ ಕೊಟ್ರು. ಕುರ್ಚಿ ಬೆಚ್ಚಗಾಗೋ ಮುಂಚೆ ಸರ್ಕಾರ ಬಿತ್ತು. ಮುಖ ತೋರಿಸೋಕಾಗ್ದೆ ಮತ್ತೆ ಇಲ್ಲಿಗೇ ಬಂದು, ಆ ಮರದ ಕೆಳಗೆ ಕೂತು ಕೂತೇ ಸತ್ತ. ಹೊಟ್ಟೆಕಿಚ್ಚಿಂದ ಸತ್ತ ಅಂತ ಗೋರಿ ಮೇಲೆ ಕೆತ್ತಬೇಕಿತ್ತು, ಯಾರೂ ಕೆತ್ತಲಿಲ್ಲ.

ವೇದಕ್ಕ ಇದನ್ನೆಲ್ಲಾ ನಗ್ತಾ ಹೇಳೋಳು. ಇಂಚರಾ ಬರೋವರೆಗೆ.

ಇಂಚರಾ ಇಂದಿರಾನಗರದ ಹುಡುಗಿ. ಗಲ್ಲಿ ಗಲ್ಲಿ ತಿರುಗಿಸಿ ಕಲಿಸಿದೋಳು ವೇದಕ್ಕನೇ. ಆ ಹುಡುಗಿ ಅದೇ ಚರಿತ್ರೆ ಹೇಳಿದ್ರೆ ಜನ ಕಣ್ಣೊರೆಸ್ಕೊಳ್ಳೋರು, ರೀಲ್ ಮಾಡಿ ಹಾಕೋರು. ವೇದಕ್ಕಂಗೆ ಒಳಗೇ ಉರಿ. "ಅವಳು ನಕ್ರೆ ಮೈ ಪರಚ್ಕೊಳ್ಳೋ ಹಾಗಾಗತ್ತೆ ಕಣೋ" ಅಂತ ನನ್ನ ಹತ್ರನೇ ಹೇಳಿದ್ಲು. ಅದರ ಮೇಲೆ ವಾಕ್ ಏರ್ಪಾಡು ಮಾಡೋ ವಿಕ್ರಮ್ ಬಂದು, ಈ ಭಾನುವಾರ ಗೋರಿ ಹತ್ರ ಇಂಚರಾ ಮಾತಾಡ್ಲಿ, ಜನಕ್ಕೆ ಹಿಡಿಸಿದ್ರೆ ಇನ್ಮೇಲೆ ಅವಳೇ ನೋಡ್ಕೋತಾಳೆ, ನೀವು ರೆಸ್ಟ್ ತಗೊಳ್ಳಿ ಮೇಡಂ ಅಂದ್ಬಿಟ್ಟ.

ಹಿಂದಿನ ದಿನ ಇಂಚರಾ ಫೋನ್ ಮಾಡಿದ್ಲು. ಗೋರಿ ಹತ್ರ ಏನಾದ್ರೂ ನೋಡ್ಕೋಬೇಕಾ ಅಕ್ಕಾ ಅಂತ. ಪಾಪ, ನಂಬಿಕೆಯಿಂದ ಕೇಳಿದ್ದು.

"ಏನಿಲ್ಲ" ಅಂದ್ಲು ವೇದಕ್ಕ. "ಮಾರ್ಸ್ಟನ್‌ನ ಮಾತ್ರ ಬಾಯ್ತುಂಬ ಹೊಗಳು."

ನೋಡಿ, ಹೇಗಿದೆ. ಹುಡುಗಿ ಸಾಯ್ಲಿ ಅಂತೇನಲ್ಲ. ಹೊಗಳೋ ಬಾಯಿಗೆ ದೊರೆ ಏನೋ ಮಾಡ್ತಾನೆ, ಜನರ ಮುಂದೆ ನಾಲಿಗೆ ತೊದಲಿದ್ರೆ ಸಾಕು, ನನ್ನ ಭಾನುವಾರ ನನಗೆ ಉಳಿಯತ್ತೆ ಅಂತ ಅವಳ ಲೆಕ್ಕ.

ಭಾನುವಾರ. ಹೊತ್ತು ಮುಳುಗಿದೆ. ಜನ ಗೋರಿ ಸುತ್ತ. ವೇದಕ್ಕ ಎಲ್ರಿಗಿಂತ ಹಿಂದೆ, ಮರಕ್ಕೆ ಬೆನ್ನು ಕೊಟ್ಟು ನಿಂತಿದ್ದಾಳೆ. ಇಂಚರಾ ಮಾರ್ಸ್ಟನ್‌ನ ಹೊಗಳಿದ್ಲು, ಹೊಗಳಿದ್ಲು... ಟಕ್ ಅಂತು. ಆಲದ ಕಾಯಿ ಬಿತ್ತು ಅಂದ್ಕೊಂಡ್ರು ಜನ. ಹುಡುಗಿ ಗಂಟಲು ಗಂಟೆ ಹಾಗೇ ಇತ್ತು. ಏನೂ ಆಗ್ಲಿಲ್ಲ. ವೇದಕ್ಕನ ಮುಖ ಹುಳ್ಳಗಾಯ್ತು.

ಮುಗಿಸೋವಾಗ ಇಂಚರಾ ಕೈ ಎತ್ತಿ ತೋರಿಸಿದ್ಲು.

"ಇದೆಲ್ಲಾ ನಂಗೆ ಕಲಿಸಿದ್ದು ಅಲ್ಲಿ ನಿಂತಿದ್ದಾರಲ್ಲ, ನಮ್ಮ ವೇದಕ್ಕ. ಅವರಷ್ಟು ಚೆನ್ನಾಗಿ ಈ ಊರಲ್ಲಿ ಯಾರೂ ಹೇಳಲ್ಲ."

ಎಲ್ರೂ ತಿರುಗಿ ಚಪ್ಪಾಳೆ ತಟ್ಟಿದ್ರು. ಜೋರಾಗಿ... ಆ ಚಪ್ಪಾಳೆ ಮಧ್ಯೆ ಇನ್ನೊಂದು ಸದ್ದು. ಟಕ್... ಟಕ್... ಗೋರಿ ಕಡೆಯಿಂದ, ಜನರ ನಡುವೆಯೇ ಹಾದು ಬರ್ತಾ ಇದೆ. ಯಾರೂ ದಾರಿ ಬಿಡ್ತಿಲ್ಲ. ಯಾರಿಗೂ ಕಾಣ್ತಿಲ್ಲ. ಟಕ್... ಅವಳ ಪಕ್ಕದಲ್ಲೇ ಬಂದು ನಿಲ್ತು. ಕಿವಿ ಹತ್ರ ಬಿಸಿ ಉಸಿರು. ಬ್ರಾಂದಿ ವಾಸನೆ. ಇಂಗ್ಲಿಷಲ್ಲಿ, ತೀರಾ ಮೆಲ್ಲಗೆ, ಒಂದೇ ಮಾತು... ಇಷ್ಟು ಸಾಕು, ಅಂತ.

ಆಮೇಲೆ ಪಿಳ್ಳಮ್ಮನ್ನ ಹುಡ್ಕೊಂಡು ಹೋಗಿ ಅತ್ಲಂತೆ. ನಡೆದಿದ್ದೆಲ್ಲಾ ಕೇಳಿ ಮುದುಕಿ ತಲೆ ಚಚ್ಚಿಕೊಂಡ್ಲು.

"ಹೊಗಳಿದೋರ್ನ ಯಾಕೆ ಮುಟ್ತಾರೆ ತಾಯೀ... ಹೊಗಳಿಸ್ಕೊಂಡೋರ ಮೇಲಲ್ವಾ ಅವ್ರ ಕಣ್ಣು."

ಈಗ ಏನಾಗಿದೆ ಗೊತ್ತಾ? ವೇದಕ್ಕ ಆರಾಮಾಗಿದ್ದಾಳೆ. ಭಾನುವಾರವೂ ಅವಳದೇ, ಇಂಚರಾನೇ ಬಿಟ್ಟುಕೊಟ್ಲು. ಆದ್ರೆ ಯಾರೇ ಅವಳ ಬಗ್ಗೆ ಒಂದು ಒಳ್ಳೇ ಮಾತಾಡೋಕೆ ಬಾಯಿ ತೆಗೀಲಿ, ಕೆಮ್ಮು ಬರತ್ತೆ. ವಿಕ್ರಮ್‌ಗೆ ಬಂತು. ಆಫೀಸಲ್ಲಿ ಮ್ಯಾನೇಜರ್‌ಗೆ ಬಂತು. ವಾಕ್ ಮುಗಿದ್ಮೇಲೆ ಜನ ಕೆಮ್ತಾ ಕೆಮ್ತಾ ಮನೆಗೆ ಹೋಗ್ತಾರೆ.

ಹೋದ ವಾರ ನಾನು ಅವರ ಮನೇಲಿದ್ದೆ. ನಮ್ಮ ದೊಡ್ಡಮ್ಮ ಗೊತ್ತಲ್ಲ, ಮಕ್ಕಳಿಗೆ ಜನ್ಮದಲ್ಲಿ ಶಹಬಾಸ್ ಅಂದೋರಲ್ಲ. ಅವತ್ತು ಊಟ ಆದ್ಮೇಲೆ ಏನನ್ನಿಸ್ತೋ, ವೇದಕ್ಕನ ಕೈ ಹಿಡ್ಕೊಂಡ್ರು.

"ವೇದಾ, ನಿನ್ನಂಥ ಮಗಳು..."

ಖುಳ್... ಖುಳ್... ಖುಳ್...

ವೇದಕ್ಕ ಲೋಟದಲ್ಲಿ ನೀರು ಹಿಡ್ಕೊಂಡು ಕಾಯ್ತಾ ನಿಂತ್ಲು. ದೊಡ್ಡಮ್ಮ ಕುಡಿದ್ರು, ಸುಧಾರಿಸ್ಕೊಂಡ್ರು, ಮತ್ತೆ ಬಾಯಿ ತೆಗೆದ್ರು. ಮತ್ತೆ ಕೆಮ್ಮು. ಕಣ್ಣಲ್ಲಿ ನೀರು ಬರೋವರೆಗೆ ಪ್ರಯತ್ನ ಪಟ್ಟು, ಕೊನೆಗೆ ಕೈ ಬಿಟ್ರು. ಹೋಗಿ ಮಲ್ಕೋ ಅಂದ್ರು. ಆ ಮಾತು ಸಲೀಸಾಗಿ ಬಂತು.

ಮಾರನೇ ದಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದು ನಾನೇ ಕಣ್ರೋ, ಸುಳ್ಳು ಹೇಳಿ ನಂಗೇನಾಗ್ಬೇಕು. ಎಕ್ಸ್‌ರೇ ತೆಗೆದ್ರು. ದೊಡ್ಡಮ್ಮನ ಎದೇಲಿ ಏನೂ ಇಲ್ಲ.