ಹನ್ನೆರಡು ತಟ್ಟೆ, ಒಂದೇ ತೂಕ

ಅಧ್ಯಕ್ಷತೆ ವಹಿಸಿರುವ ನಮ್ಮ ಗೇರುಬೀಜ ಕಾರ್ಖಾನೆಯ ಮಾಲಕರಾದ ಝಕರಿಯಾ ಅವರೇ, ಮ್ಯಾನೇಜರ್ ಕೃಷ್ಣಪ್ರಸಾದ್ ಅವರೇ, ಕೈ ತೊಳೆದು ನೇರ ಇಲ್ಲಿಗೆ ಬಂದಿರುವ ಸಿಪ್ಪೆ ವಿಭಾಗದ ಸಹೋದರಿಯರೇ, ಸಭಿಕರೇ,

ನನಗಿಂತ ಮೊದಲು ನಾಲ್ವರು ಸೂಪರ್‌ವೈಸರ್‌ಗಳು ನಿವೃತ್ತರಾದರು. ಯಾರಿಗೂ ಶಾಲು ಹೊದಿಸಲಿಲ್ಲ. ನನಗೆ ಮಾತ್ರ ಶಾಲು, ಹಾರ, ಮೆಲ್ಕಾರಿನ ಈ ದೊಡ್ಡ ಹಾಲ್. ಯಾಕೆ? ಮೂವತ್ತೊಂದು ವರ್ಷ ಸಂಶಯಪಡುವುದೇ ನನ್ನ ಉದ್ಯೋಗವಾಗಿತ್ತು. ಒಂದು ದಿನದಲ್ಲಿ ಬಿಡಲಿಕ್ಕೆ ಆಗುವುದಿಲ್ಲ.

ಮ್ಯಾನೇಜರರು ಈಗಷ್ಟೇ ಆಡಳಿತ ಶಾಸ್ತ್ರದ ಇತಿಹಾಸ ಹೇಳಿದರು. ಮೊದಲು ಗಡಿಯಾರ ಹಿಡಿದು ಕೆಲಸ ಅಳೆದರಂತೆ. ಆಮೇಲೆ ಕೆಲಸಗಾರರಿಗೂ ಮನಸ್ಸುಂಟು ಎಂದು ಕಂಡುಹಿಡಿದರಂತೆ. ಈಗ ತಂಡದ ಕಾಲವಂತೆ. ನಮ್ಮಲ್ಲಿಗೂ ಎಲ್ಲ ಬಂದಿತ್ತು. 1996ರಲ್ಲಿ ನನ್ನ ಕೈಗೆ ಸ್ಟಾಪ್‌ವಾಚ್ ಕೊಟ್ಟರು. ಕಿಟಕಿ ಪಕ್ಕದ ಸಾಲಿನಲ್ಲಿ ಹನ್ನೆರಡು ಹೆಂಗಸರು, ಒಬ್ಬೊಬ್ಬರ ವೇಗ ಒಂದೊಂದು. ಸಿಪ್ಪೆ ಸುಲಿದ ಬೀಜವನ್ನು ಸಂಜೆ ತೂಗಿದರೆ ಹನ್ನೆರಡು ತಟ್ಟೆಯೂ ಒಂದೇ ತೂಕ. ಇದು ಸಾಧ್ಯವೇ? ಮತ್ತೆ ‘ತಿಂಗಳ ಕೆಲಸಗಾರ್ತಿ’ ಎಂದು ಗೋಡೆಗೆ ಫೋಟೋ ಹಾಕುವ ಕ್ರಮ ಬಂತು. ವರ್ಷ ಮುಗಿಯುವಾಗ ಗೋಡೆಯಲ್ಲಿ ಹನ್ನೆರಡು ಮುಖ. ಒಬ್ಬರೂ ಎರಡು ಸಲ ಗೆಲ್ಲಲಿಲ್ಲ.

ಒಂದು ದಿನ ಕಂಬದ ಮರೆಯಲ್ಲಿ ನಿಂತು ಹಿಡಿದೆ. ಸಾಲಿನಲ್ಲೇ ಚುರುಕಿನ ಕೈಯ ಸಫಿಯಮ್ಮ ತನ್ನ ತಟ್ಟೆಯಿಂದ ಬೊಗಸೆ ತುಂಬ ಬೀಜ ತೆಗೆದು ಪಕ್ಕದ ತಟ್ಟೆಗೆ ಸುರಿದರು. ಪಕ್ಕದಲ್ಲಿ ಕೂತದ್ದು ನನ್ನ ತಾಯಿ.

ಹೆಸರು ಬರೆಯಲು ಪುಸ್ತಕ ತೆಗೆದೆ. ಸಫಿಯಮ್ಮ ತಲೆ ಎತ್ತಲಿಲ್ಲ. “ಬರೆಯಿರಿ ಶೇಖರಣ್ಣ. ನಿಮ್ಮ ಅಮ್ಮನಿಗೆ ಕಣ್ಣು ಸರಿ ಕಾಣುವುದಿಲ್ಲ, ಅದು ಗೊತ್ತುಂಟಾ ನಿಮಗೆ?”

ಗೊತ್ತಿರಲಿಲ್ಲ. ದಿನಾ ಒಂದೇ ಬಸ್ಸಿನಲ್ಲಿ ಬರುತ್ತಿದ್ದೆವು. ಒಂದು ಬೀಜಕ್ಕೆ ಅಮ್ಮ ಎಷ್ಟು ಸೆಕೆಂಡ್ ತೆಗೆದುಕೊಳ್ಳುತ್ತಾರೆ ಎಂಬುದು ಮಾತ್ರ ನನ್ನ ಪುಸ್ತಕದಲ್ಲಿತ್ತು.

ಪುಸ್ತಕ ಮುಚ್ಚಿದೆ. ಮತ್ತೆ ಆರು ವರ್ಷ ಅಮ್ಮ ಅದೇ ಸಾಲಿನಲ್ಲಿ ಕೂತರು.

ಸಹೋದರಿಯರೇ, ಸೋಮವಾರದಿಂದ ನಿಮ್ಮ ಪ್ರತಿ ತಟ್ಟೆಗೂ ಕಂಪ್ಯೂಟರ್ ತೂಕ. ತಿಂಗಳ ಕೊನೆಗೆ ತೂಕ ಕಡಿಮೆ ಇರುವ ಇಬ್ಬರಿಗೆ ಕೆಲಸವಿಲ್ಲ. ಇದನ್ನು ನಾನೇ ಹೇಳಬೇಕೆಂದು ಮ್ಯಾನೇಜರರು ಬೆಳಿಗ್ಗೆ ಕೇಳಿಕೊಂಡರು. ನನ್ನ ಬಾಯಿಯಿಂದ ಬಂದರೆ ನೀವು ಒಪ್ಪುತ್ತೀರಂತೆ. ಯಾರು ಯಾರಿಗೆ ಸುರಿಯುತ್ತಾರೆ ಎಂಬ ಪಟ್ಟಿಯನ್ನೂ ಕೇಳಿದರು, ಅವರನ್ನು ಬೇರೆ ಬೇರೆ ಕೂರಿಸಲಿಕ್ಕೆ. ಶಾಲು ಯಾಕೆ ಎಂದು ಆಗ ತಿಳಿಯಿತು.

ಪಟ್ಟಿ ತಂದಿದ್ದೇನೆ, ಸರ್. ಒಂದೇ ಹೆಸರು ಉಂಟು, ನನ್ನ ಅಮ್ಮನದು. ತೀರಿಹೋಗಿ ಎಂಟು ವರ್ಷವಾಯಿತು. ಅವರನ್ನು ಎಲ್ಲಿ ಬೇಕಾದರೂ ಕೂರಿಸಿ.

ಶಾಲು ಈ ಕುರ್ಚಿಯ ಮೇಲಿದೆ. ಹಾಲ್‌ಗೆ, ಚಹಾಕ್ಕೆ, ಬೆಳಿಗ್ಗೆಯಿಂದ ಈ ಹೊತ್ತಿನವರೆಗೆ ನನ್ನ ಮೇಲೆ ಸಂಶಯಪಡದೆ ಇದ್ದದ್ದಕ್ಕೆ ಮ್ಯಾನೇಜರರಿಗೆ ನನ್ನ ಧನ್ಯವಾದಗಳು. ನಮಸ್ಕಾರ.