ಸೊಲಾಂಜ್ ತಟ್ಟಿದಳೇ?

ಇಲ್ಲ ಅಮಿತಾ, ಕಾಫಿ ಆಮೇಲೆ. ಮೊದಲು ಇದನ್ನ ಹೇಳು, ನಾಳೆ ಜೂಡೋ ಕ್ಲಬ್ಬಿನವರು ಕರೆಸಿ, ಸೊಲಾಂಜ್ ತಟ್ಟಿದ್ಲಾ ಅಂತ ಕೇಳಿದ್ರೆ ಏನಂತೀಯ? ಹಾಗೆ ನೋಡ್ಬೇಡ. ಮೈಥಿಲಿ ಬೇಕಂತಲೇ ಸೊಲಾಂಜ್ ಕೈ ಮುರಿದ್ಲು ಅಂತ ನನ್ನ ಬಗ್ಗೆ ಹಾರ್ಲೆಮ್ ಊರ ತುಂಬಾ ಮಾತಾಡ್ತಿದಾರೆ, ನಿಂಗೂ ಗೊತ್ತು. ಕೋಚ್ ಫೋನ್ ಬಂತು ಅಂತ ಆಚೆ ಹೋಗಿದ್ದ. ಪ್ರಾಕ್ಟೀಸ್ ಹಾಲಲ್ಲಿ ಇದ್ದಿದ್ದು ನಾನು, ಅವಳು, ಮಗಳ ಕ್ಲಾಸಿಗೆ ಅಂತ ಬೇಗ ಬಂದು ಬೆಂಚಲ್ಲಿ ಕೂತಿದ್ದ ನೀನು. ಅಷ್ಟೇ.

ಅವಳಿಗೇನು ಕಡಿಮೆ ಆಗಿತ್ತು, ಹೇಳು. ಹದಿನೇಳಕ್ಕೇ ಫ್ರಾನ್ಸಿನ ಜೂಡೋ ಚಾಂಪಿಯನ್. ಯುರೋಪಿನ ಚಿನ್ನ ಮೂರು. ವಿಶ್ವ ಚಾಂಪಿಯನ್‌ಷಿಪ್ ಒಂದು ಬಾಕಿ ಇತ್ತು, ಎರಡು ಸಲವೂ ಬೆಳ್ಳಿ. ಈ ಅಕ್ಟೋಬರಲ್ಲಿ ಪ್ಯಾರಿಸಲ್ಲೇ, ಅವಳ ಜನದ ಮುಂದೇನೇ... ಮೂವತ್ತು ದಾಟಿದೆ, ಇದೇ ಕೊನೇದು ಅಂತಿದ್ಲು. ಈಗ ಮೊಣಕೈ ಹೋಯ್ತು. ಇನ್ನು ಆಟ ಮುಗೀತು ಅಂದ್ರಂತೆ ಡಾಕ್ಟ್ರು. ಪಾಪ.

ಪಾಪ ಅಂದಿದ್ದಕ್ಕೆ ಯಾಕೆ ನಗ್ತೀಯ?

ಡಚ್ ಗಂಡನ್ನ ಕಟ್ಕೊಂಡು ಇಲ್ಲಿಗೆ ಬಂದಾಗ ಪ್ರಾಕ್ಟೀಸಿಗೆ ಅವಳ ತೂಕದವಳು ಒಬ್ಬಳು ಬೇಕಿತ್ತು, ನಾನು ಸಿಕ್ಕೆ. ಮೈಸೂರಲ್ಲಿ ನಾನೂ ಸ್ಟೇಟ್ ಚಾಂಪಿಯನ್ ಕಣೇ. ಮದುವೆ ಆಗಿ ಸುರೇಶನ ವರ್ಕ್ ಪರ್ಮಿಟ್ ಹಿಂದೆ ಬಂದು ಅಡುಗೆಮನೆ ಸೇರಿದ್ದೆ. ನಾಲ್ಕು ವರ್ಷ ಅವಳು ಎತ್ತಿ ಒಗೆದಿದ್ದು ನನ್ನನ್ನೇ. ಬಿದ್ದೆ, ಎದ್ದೆ, ಬಿದ್ದೆ... ದಿನಕ್ಕೆ ಇನ್ನೂರು ಸಲ. ಒಂದಿನ ಪೇಪರಿನವನು ಬಂದ. ಫೋಟೋದಲ್ಲಿ ನಾನು ತಲೆಕೆಳಗಾಗಿ ಗಾಳೀಲಿದೀನಿ. ಮುಖ ಇಲ್ಲ, ಬರೀ ಅಂಗಾಲು. ಇವಳ್ಯಾರು ಅಂತ ಕೇಳಿದ್ದಕ್ಕೆ ‘ಅದಾ, ನನ್ನ ಮೂಟೆ’ ಅಂದ್ಲು. ಅದನ್ನೂ ಅಚ್ಚು ಹಾಕಿದ್ರು. ನೀನೇ ತಾನೆ ಡಚ್ ಪೇಪರ್ ಓದಿ ಹೇಳಿದ್ದು?

ಹೊಟ್ಟೆ ಉರೀತು. ಹೌದು, ಉರೀತು. ಮಾರನೇ ದಿನಾನೇ ಹೀಗಾಯ್ತು ಅಂದ್ರೆ ನಾನೇನ್ ಮಾಡ್ಲಿ?

ಗೊತ್ತಮ್ಮ, ನಿಯಮ ನಂಗೂ ಗೊತ್ತು. ಕೈ ಲಾಕ್ ಆಗಿ ತಡೆಯಕ್ಕಾಗದೆ ಹೋದ್ರೆ ಹಿಡಿದವಳನ್ನ ತಟ್ಬೇಕು, ತಟ್ಟಿದ ಕೂಡ್ಲೇ ಬಿಡ್ಬೇಕು. ಅವಳು ತಟ್ಟೇ ಇಲ್ಲ ಅಂತ ನಾನೆಲ್ಲಿ ಹೇಳ್ದೆ? ತಟ್ಟಿರಬಹುದು. ನಂಗೆ ಗೊತ್ತಾಗ್ಲಿಲ್ಲ ಅಂತೀನಿ. ಆ ಜೂಡೋ ಬಟ್ಟೆ ಕಂಬಳಿ ಥರ ದಪ್ಪ ಇರುತ್ತೆ.

ನಂಬಲ್ವಾ? ಸರಿ, ಬಾ. ನಿನ್ನ ಗಂಡನ ಚಳಿಕೋಟು ಕೊಡಿಲ್ಲಿ, ಹಾಕ್ಕೋತೀನಿ. ಕಾರ್ಪೆಟ್ ಮೇಲೆ ಮಲಕ್ಕೋ. ಕೈ ಕೊಡು, ಹೆದರ್ಬೇಡ್ವೇ. ಹೀಗೆ ಎದೆಗೆ ಒತ್ಕೊಂಡು, ಕಾಲು ಅಡ್ಡ ಹಾಕಿ, ಸ್ವಲ್ಪ ಹಿಂದಕ್ಕೆ ಬಾಗ್ತೀನಿ... ನೋವಾದ್ರೆ ಕೋಟಿನ ಮೇಲೆ ತಟ್ಟು. ಎಷ್ಟು ಜೋರಾಗಿ ತಟ್ಟಿದ್ರೂ ನಂಗೆ ಗೊತ್ತೇ ಆಗಲ್ಲ, ನೋಡ್ತಿರು. ಇನ್ನೂ ಇಲ್ವಾ? ಈಗ? ಇನ್ನೊಂಚೂರು...

ಬಿಟ್ಟೆ, ಬಿಟ್ಟೆ.

ಏನು? ಯಾಕೆ ಹಾಗೆ ನೋಡ್ತಾ ಮಲಗಿದೀಯ? ಕೈಗೇನೂ ಆಗಿಲ್ವಲ್ಲ... ಒಂದೇ ಬೆರಳಲ್ಲಿ ಮುಟ್ಟಿದೆ, ಅಲ್ವಾ? ತಟ್ಟಲೂ ಇಲ್ಲ ನೀನು. ನನ್ನ ಕೈ ತಾನಾಗೇ ಬಿಟ್ಟುಬಿಡ್ತು. ಹದಿನೈದು ವರ್ಷದ ಅಭ್ಯಾಸ ಕಣೇ. ಇಲ್ಲಿ ಗಲಾಟೆ ಇಲ್ಲ, ಅದಕ್ಕೇ. ಅಲ್ಲಿ... ಅಲ್ಲೂ ಇರ್ಲಿಲ್ಲ.

ಏಳೇ. ಬೈಯ್ಯಿ ಬೇಕಾದ್ರೆ.

ನೀನು ಬೆಂಚಲ್ಲಿ ಕೂತು ಎಣಿಸ್ತಿದ್ದೆ. ಅಲ್ವಾ? ತುಟಿ ಅಲ್ಲಾಡ್ತಿತ್ತು, ನೋಡ್ದೆ. ನಾನೂ ಎಣಿಸ್ತಿದ್ದೆ ಅಮಿತಾ. ಒಂಬತ್ತು ಸಲ ತಟ್ಟಿದ್ಲು.

ತಗೋ, ಕೋಟು. ನಾಳೆ ಕೇಳಿದ್ರೆ ಒಂಬತ್ತು ಅನ್ಬೇಡ. ಎರಡು ಅನ್ನು.